ಕೊಡೆ ಹಿಡಿದ ಹುಡುಗಿಯ ಬೆಲೆ

ಡೊಂಬಿವಲಿ ಪೂರ್ವ
೨೨ ಸೆಪ್ಟೆಂಬರ್ ೨೦೧೬, ಗುರುವಾರ

ಪ್ರೇಕ್ಷಾಳ ಪಪ್ಪನಿಗೆ, ಪ್ರಫುಲ್ಲಾಳ ನಮಸ್ಕಾರಗಳು.

ಹೇಗಿದ್ದೀರಿ? ಬಲಗಾಲಿನ ಗಂಟುನೋವು ಕಡಿಮೆಯಾಯಿತೇ? ಇಡೀ ದಿನ ಒಲೆಯ ಮುಂದೆ ನಿಲ್ಲುವವರಿಗೆ ಕಾಲುನೋವು ತಪ್ಪಿದ್ದಲ್ಲ ಎನ್ನುತ್ತೀರಿ. ಆದರೆ ನಾನು ಕೊಟ್ಟ ಎಣ್ಣೆಯ ಬಾಟಲಿಯ ಬಿರಡೆಯನ್ನೇ ನೀವು ತೆರೆದಿರಲಿಕ್ಕಿಲ್ಲ ಎಂದು ನನಗೆ ಗೊತ್ತು. ಬೆಳಗ್ಗೆ ಖಾಲಿ ಹೊಟ್ಟೆಗೆ ಚಹಾ ಕುಡಿಯುವುದನ್ನು ಬಿಟ್ಟಿರಾ? ನಾವಿಬ್ಬರೂ ಕ್ಷೇಮ. ನನ್ನ ಚಕ್ಕುಲಿಯ ಕೆಲಸ ಚೆನ್ನಾಗಿ ನಡೆದಿದೆ, ನವರಾತ್ರಿಗೆ ಎರಡು ಅಂಗಡಿಯವರು ಈಗಲೇ ಹೇಳಿಟ್ಟಿದ್ದಾರೆ. ಪ್ರೇಕ್ಷಾ ಕಾಲೇಜಿಗೆ ಹೋಗಿದ್ದಾಳೆ.

ಭಾನುವಾರ ಭಾನುವಾರ ಫೋನು ಮಾಡುತ್ತಿರುವಾಗ ಈ ಕಾಗದ ಯಾಕೆ ಎಂದು ಕೇಳುತ್ತೀರಿ. ಫೋನಿನಲ್ಲಿ ನೀವು ಮಾತು ತಪ್ಪಿಸುತ್ತೀರಿ. ಮೊದಲು ವೀಡಿಯೊದಲ್ಲಿ ಮುಖವಾದರೂ ಕಾಣುತ್ತಿತ್ತು, ಐದಾರು ತಿಂಗಳಿಂದ ಅದೂ ಇಲ್ಲ, ನೆಟ್ ಸರಿಯಿಲ್ಲವಂತೆ. ಜಪಾನಿನಲ್ಲಿ ನೆಟ್ ಸರಿಯಿಲ್ಲವೆಂದರೆ ನಮ್ಮ ಬಿಲ್ಡಿಂಗಿನ ಮಕ್ಕಳು ನಗುತ್ತಾರೆ. ಇನ್ನೊಂದು ಕಾರಣವೂ ಇದೆ. ಮಗಳಿಗೆ ಕನ್ನಡ ಓದಲು ಬಾರದು. ಕಲಿಸಲಿಲ್ಲವೆಂದು ಹದಿನೇಳು ವರ್ಷ ನನ್ನನ್ನು ನಾನೇ ಬೈದುಕೊಂಡಿದ್ದೆ. ಇವತ್ತು ಅದೇ ಉಪಯೋಗಕ್ಕೆ ಬಂತು. ಮೇಜಿನ ಮೇಲೆ ಬಿಚ್ಚಿಟ್ಟೇ ಬರೆಯುತ್ತಿದ್ದೇನೆ.

ವಿಷಯ ಹೇಳಿಬಿಡುತ್ತೇನೆ. ಪ್ರೇಕ್ಷಾ ನೀವು ಕಳಿಸಿದ ಮೊದಲನೇ ಬೊಂಬೆಯನ್ನು ಮಾರುತ್ತಿದ್ದಾಳೆ. ಬರುವ ಭಾನುವಾರ, ಅಂದರೆ ಇಪ್ಪತ್ತೈದಕ್ಕೆ, ವಾಶಿ ಸ್ಟೇಶನ್ನಿನ ಹತ್ತಿರದ ಮಾಲ್‌ನಲ್ಲಿ ಒಬ್ಬರು ದುಡ್ಡು ಕೊಟ್ಟು ತೆಗೆದುಕೊಂಡು ಹೋಗುತ್ತಾರೆ. ಮಾತು ಮುಗಿದಿದೆ. ಅದೇ, ಜಪಾನಿ ಕಾರ್ಟೂನಿನ, ನೀಲಿ ಕೂದಲಿನ, ಕೊಡೆ ಹಿಡಿದ ಹುಡುಗಿ.

ನಿಮಗೆ ನೆನಪಿರಬೇಕು. ೨೦೦೭ರ ಜೂನ್‌ನಲ್ಲಿ ನೀವು ಥಾಣೆಯ ನೌಪಾಡಾದ ಹೋಟೆಲಿನ ಕೆಲಸ ಬಿಟ್ಟು ಒಸಾಕಾಕ್ಕೆ ಹೊರಟಾಗ ಅವಳು ಏರ್‌ಪೋರ್ಟಿಗೆ ಬರಲಿಲ್ಲ. ಕಪಾಟಿನ ಹಿಂದೆ ಅಡಗಿ ಕುಳಿತಿದ್ದಳು. ನೀವು ಬಾಗಿಲಲ್ಲಿ ನಿಂತು "ಬರ್ಪೆ ಮಗಾ, ಬರ್ಪೆ" ಎಂದು ಎರಡು ಸಲ ಹೇಳಿದಿರಿ. ತುಳುವಿನಲ್ಲಿ ಹೋಗುವಾಗಲೂ ಬರುತ್ತೇನೆ ಎಂದೇ ಹೇಳುವುದು ಎಂದು ಅವಳಿಗೆ ಗೊತ್ತಿರಲಿಲ್ಲ. ಒಂದು ವಾರ ಸಂಜೆಯಾದರೆ ಬಾಗಿಲು ನೋಡುತ್ತಿದ್ದಳು. ಸೆಪ್ಟೆಂಬರಿನಲ್ಲಿ, ಅವಳ ಎಂಟನೇ ಹುಟ್ಟುಹಬ್ಬಕ್ಕೆ ಆ ಬೊಂಬೆ ಬಂತು. ಅವತ್ತು ಅತ್ತಳು ನೋಡಿ, ನೀವು ಹೋದಾಗ ಅಳದಿದ್ದವಳು. ಅದನ್ನು ಬೊಂಬೆ ಎಂದರೆ ಈಗಲೂ ಸಿಟ್ಟು: "ಗುಡಿಯಾ ನಹೀ ಮಮ್ಮಿ, ಫಿಗರ್ ಬೋಲೋ." ನಾನು ಫಿಗರ್ ಎಂದರೆ ನನ್ನ ಬಾಯಿಗೆ ಅದು ಬೇರೆಯೇ ಅರ್ಥ ಕೊಡುತ್ತದೆ, ಹಾಗಾಗಿ ಬೊಂಬೆಯೇ ಇರಲಿ.

ವರ್ಷಕ್ಕೊಂದರಂತೆ ಕಪಾಟಿನಲ್ಲಿ ಒಂಬತ್ತು ನಿಂತವು. ನಮ್ಮಲ್ಲಿ ಉಡುಗೊರೆ ಕೊಡುವಾಗ ಬೆಲೆಯ ಚೀಟಿ ಕೀಳುವುದು ಮರ್ಯಾದೆ. ನೀವು ಒಮ್ಮೆಯೂ ಕೀಳಲಿಲ್ಲ. ದಡ್ಡತನವೆಂದುಕೊಂಡಿದ್ದೆ. ಮಗಳಿಗೆ ಆ ಚೀಟಿಯೇ ಪ್ರೀತಿ, ಡಬ್ಬಿಯ ಮೇಲೆ ಹಾಗೆಯೇ ಇಟ್ಟಿದ್ದಾಳೆ. ಮೊದಲನೆಯದರ ಮೇಲೆ ಮೂರು ಸಾವಿರದ ಎಂಟುನೂರು ಯೆನ್. ಐದನೆಯದರ ಮೇಲೆ ಆರು ಸಾವಿರದ ಎಂಟುನೂರು. ಹೋದ ವರ್ಷದ್ದಕ್ಕೆ ಹದಿನಾಲ್ಕು ಸಾವಿರದ ಎಂಟುನೂರು, ಅದೂ ಮೊದಲಿನದಕ್ಕಿಂತ ಒಂದು ಬೆರಳು ಗಿಡ್ಡ. ನೌಪಾಡಾದ ಮಸಾಲೆ ದೋಸೆಯ ಹಾಗೆಯೇ, ದೋಸೆ ತೆಳುವಾಗುತ್ತಾ ಹೋಯಿತು, ಬೋರ್ಡಿನ ಮೇಲಿನ ಅಂಕಿ ದಪ್ಪವಾಗುತ್ತಾ ಹೋಯಿತು. ಯಾಕೆ ಹೀಗೆ ಎಂದು ಕೇಳಿದರೆ ಮಗಳು ದೊಡ್ಡ ಪಾಠ ಮಾಡುತ್ತಾಳೆ. ಅಚ್ಚು ಮಾಡುವ ಖರ್ಚು ಏರಿದೆಯಂತೆ, ಕಣ್ಣು ರೆಪ್ಪೆ ಬಣ್ಣ ಹಚ್ಚುವ ಕೆಲಸಗಾರರ ಸಂಬಳ ಏರಿದೆಯಂತೆ, ಇಲ್ಲಿ ತರಿಸಿದರೆ ಕಸ್ಟಮ್ಸಿನವರದ್ದು ಬೇರೆ. ಅವಳ ಜೊತೆ ಇದೇ ಹುಚ್ಚು ಹಚ್ಚಿಕೊಂಡಿದ್ದ ಮಕ್ಕಳು ಕಲ್ಯಾಣದಿಂದ, ಥಾಣೆಯಿಂದ ತಿಂಗಳಿಗೊಮ್ಮೆ ಸೇರುತ್ತಿದ್ದರು. ನಾನೇ ಚಕ್ಕುಲಿ ಕಟ್ಟಿ ಕೊಡುತ್ತಿದ್ದೆ. ಈಗ ಒಬ್ಬೊಬ್ಬರೇ ಇದ್ದದ್ದನ್ನು ಮಾರಿ ಸುಮ್ಮನಾಗಿದ್ದಾರೆ. ವಿಕಾಸ್ ಎಂಬ ಹುಡುಗ ಎಲ್ಲ ಕೊಟ್ಟು ಕೊನೆಗೆ ಖಾಲಿ ಡಬ್ಬಿಗಳನ್ನು ಮಾತ್ರ ಇಟ್ಟುಕೊಂಡಿದ್ದಾನಂತೆ. ಅದನ್ನು ಕೇಳಿ ನನಗೆ ನಿಜವಾಗಿಯೂ ಸಂಕಟವಾಯಿತು.

ಈ ವರ್ಷದ್ದು ಚೌತಿಯ ಹಿಂದಿನ ದಿನ, ಸರಿಯಾಗಿ ಹುಟ್ಟುಹಬ್ಬದ ದಿನವೇ ಬಂತು. ಊರಿಗೆ ಬರುವ ಸ್ನೇಹಿತರ ಕೈಯಲ್ಲಿ ಕಳಿಸಿದ್ದೇನೆ ಎಂದು ನೀವು ಹೇಳಿದ್ದಿರಿ. ಅವರು ಮೇಲೆ ಬರಲಿಲ್ಲ, ಗೇಟಿನಲ್ಲಿ ವಾಚ್‌ಮ್ಯಾನ್ ಶಂಭುವಿನ ಕೈಗೆ ಕೊಟ್ಟರು. ಹೋದ ವರ್ಷ ಕೆಲಸಕ್ಕೆ ಸೇರಿದವನು, ನಮ್ಮ ಕಡೆಯವರನ್ನು ಅವನು ಕಂಡವನಲ್ಲ. "ಟೋಪೀವಾಲೇ ಸಾಹಬ್ ಥೇ, ಆಧಾ ಘಂಟಾ ಸಾಮ್ನೇ ಖಡೇ ರಹೇ" ಎಂದ. ಟೋಪಿ ಹಾಕಿದವರು, ಅರ್ಧ ಗಂಟೆ ಎದುರಿಗೆ ನಿಂತು ನಮ್ಮ ಮೂರನೇ ಮಾಳಿಗೆಯನ್ನೇ ನೋಡುತ್ತಿದ್ದರಂತೆ. ನಾವು ಮನೆಯಲ್ಲೇ ಇದ್ದೆವು. ನಿಮ್ಮ ಆ ಸ್ನೇಹಿತರು ಯಾರೇ ಆಗಿರಲಿ, ಒಂದು ಲೋಟ ನೀರೂ ಕುಡಿಯದೆ ಹೋದರಲ್ಲ ಎಂದು ನನಗೆ ಇವತ್ತಿಗೂ ಬೇಸರವಿದೆ.

ಡಬ್ಬಿಯನ್ನು ಸುತಳಿಯಲ್ಲಿ ಕಟ್ಟಿತ್ತು. ಎರಡು ಸುತ್ತು, ಮೇಲೆ ಬೆರಳಿಗೆ ಸಿಕ್ಕಿಸಲು ಒಂದು ಕುಣಿಕೆ. ನೌಪಾಡಾದ ಪಾರ್ಸಲ್ ಕೌಂಟರಿನಲ್ಲಿ ಏಳು ವರ್ಷ ನಿಂತ ಕೈಯ ಗಂಟು ಅದು, ನಾನು ಕತ್ತರಿ ಹಾಕದೆ ಬಿಡಿಸಿದೆ. ಡಬ್ಬಿಗೆ ಈರುಳ್ಳಿ ಗೋಣಿಯ ವಾಸನೆ ಇತ್ತು. ಬೆಲೆಯ ಚೀಟಿ ಇರಲಿಲ್ಲ. ಸುತಳಿಯನ್ನು ಸುತ್ತಿ ಎತ್ತಿಟ್ಟೆ.

ಅದೇ ಕೊಡೆ ಹುಡುಗಿ, ಹೊಸ ಉಡುಪಿನಲ್ಲಿ. ಪ್ರೇಕ್ಷಾ ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳು. ಕಾಲಡಿಯಲ್ಲಿ ಕಂಪನಿಯ ಮುದ್ರೆ ಇಲ್ಲ. ಒಂದು ಕಣ್ಣು ಸ್ವಲ್ಪ ಕೆಳಗೆ. ಬಣ್ಣ ಬೆರಳಿಗೆ ಅಂಟಿತು. ಆಮೇಲೆ ಮೆತ್ತಗೆ, "ಮಮ್ಮಿ, ಯೇ ಅಸಲೀ ನಹೀ ಹೈ" ಎಂದಳು. ಸಿಟ್ಟು ಮಾಡುತ್ತಾಳೆಂದುಕೊಂಡೆ. ಇಲ್ಲ. ಉಳಿದ ಒಂಬತ್ತನ್ನೂ ಅತ್ತ ಇತ್ತ ಸರಿಸಿ ಅದನ್ನು ಕಪಾಟಿನ ನಡುವೆ, ಎಲ್ಲಕ್ಕಿಂತ ಮುಂದೆ ನಿಲ್ಲಿಸಿದಳು. ಫೋನಿನಲ್ಲಿ ನಿಮಗೆ "ಬಹುತ್ ಮಸ್ತ್ ಹೈ ಪಪ್ಪಾ" ಎಂದದ್ದು ನೀವೇ ಕೇಳಿದ್ದೀರಿ. ಫೋನು ಇಟ್ಟು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟಳು. ಅವಳು ಅಳುವುದು ನನಗೆ ಕೇಳಬಾರದು ಎಂದು.

ಅವಳ ಲೆಕ್ಕಾಚಾರ ಇಷ್ಟೇ. ಅಸಲಿ ಕೊಳ್ಳುವಷ್ಟು ಪಪ್ಪನ ಹತ್ತಿರ ಈಗ ಇಲ್ಲ, ಬೆಲೆ ಅಷ್ಟು ಏರಿದೆ. ಆದರೂ ಹುಟ್ಟುಹಬ್ಬ ತಪ್ಪಿಸಬಾರದೆಂದು ಎಲ್ಲೋ ನಕಲಿ ಹುಡುಕಿದ್ದಾರೆ. ಬೊಂಬೆಗೇ ಇಲ್ಲದವರ ಹತ್ತಿರ ವಿಮಾನದ ಟಿಕೆಟಿಗೆ ಎಲ್ಲಿಂದ ಬರಬೇಕು, ಅದಕ್ಕೇ ಎರಡು ವರ್ಷದಿಂದ ರಜೆಗೆ ಬಂದಿಲ್ಲ. ಹೀಗೆಂದು ತೀರ್ಮಾನಿಸಿ ಇಂಟರ್‌ನೆಟ್ಟಿನಲ್ಲಿ ಮೊದಲ ಬೊಂಬೆಯ ಫೋಟೊ ಹಾಕಿದಳು. ಅದನ್ನು ಕಂಪನಿಯವರು ಮತ್ತೆ ಮಾಡಲೇ ಇಲ್ಲವಂತೆ, ಹಾಗಾಗಿ ವರ್ಷ ವರ್ಷ ಏರಿ ಈಗ ಮೂವತ್ತು ಸಾವಿರ ರೂಪಾಯಿ ಕೊಡುವವರಿದ್ದಾರೆ. ನಿಮ್ಮ ಒಂದು ಕಡೆಯ ಟಿಕೆಟಿಗೆ ಸಾಕಂತೆ. ಡಬ್ಬಿ ಇದ್ದರೆ ಮಾತ್ರ ಆ ಬೆಲೆ. ಪುಣ್ಯಕ್ಕೆ ಅದರಲ್ಲಿ ನಾನು ಚಕ್ಕುಲಿಯ ಅಚ್ಚು ಇಟ್ಟಿದ್ದೆ, ಇಲ್ಲದಿದ್ದರೆ ಮಗಳು ಚಿಕ್ಕವಳಿದ್ದಾಗಲೇ ನಾನು ರದ್ದಿಗೆ ಹಾಕುತ್ತಿದ್ದೆ. ಪುಣ್ಯವೋ ಪಾಪವೋ, ಈಗ ತಿಳಿಯುತ್ತಿಲ್ಲ. ಒಂದು ಆಯುಧಪೂಜೆಗೆ ನಾನು ಆ ಹುಡುಗಿಗೆ ಕುಂಕುಮ ಇಟ್ಟಿದ್ದೆ, ಹಣೆಯಲ್ಲಿ ಕಲೆ ಉಳಿದಿದೆ. ಅದನ್ನೂ ಮುಚ್ಚಿಡದೆ ಬರೆದಿದ್ದಾಳೆ. ಕೊಳ್ಳುವವರು ಪರವಾಗಿಲ್ಲ, ಒರೆಸಿಕೊಳ್ಳುತ್ತೇವೆ ಎಂದರಂತೆ. ಅವರು ಒರೆಸುತ್ತಾರೆ ಎಂಬುದನ್ನು ಕೇಳಿದಾಗ ನನಗೆ ತಡೆಯಲಾಗಲಿಲ್ಲ.

ಬೇಡವೆಂದೆ. ನನ್ನ ಬಳೆ ಕೊಡುತ್ತೇನೆ ಎಂದೆ. "ಮಲಾ ಪಪ್ಪಾ ಪಾಹಿಜೇತ್, ಫಿಗರ್ ನಕೋ" ಎಂದಳು ಮರಾಠಿಯಲ್ಲಿ. ಮನಸ್ಸಿನಾಳದ ಮಾತೆಲ್ಲ ಅವಳಿಗೆ ಮರಾಠಿಯಲ್ಲೇ ಬರುವುದು. ಪಪ್ಪ ಬೇಕು, ಬೊಂಬೆ ಬೇಡ. ನಿಜ ಹೇಳಬೇಕಾದವಳು ನಾನಲ್ಲ.

ಹೋದ ವಾರ ಚಕ್ಕುಲಿ ತುಂಬುವ ಡಬ್ಬಿಗಳನ್ನು ತರಲು ಉಲ್ಹಾಸನಗರಕ್ಕೆ ಹೋಗಿದ್ದೆ. ಆಟಿಕೆಯ ಅಂಗಡಿಯೊಂದರ ಮುಂದೆ ಅದೇ ಹುಡುಗಿ, ಅದೇ ಹೊಸ ಉಡುಪು, ಒಂದರ ಹಿಂದೆ ಒಂದು ಇಪ್ಪತ್ತು ನಿಂತಿದ್ದವು. ಎಲ್ಲರದೂ ಒಂದು ಕಣ್ಣು ಕೆಳಗೆ. ಮುನ್ನೂರೈವತ್ತು ರೂಪಾಯಿ. ಅಂಗಡಿಯವನು ಅಸಲಿ ಎಂದೇನೂ ಹೇಳಲಿಲ್ಲ, ಡುಪ್ಲಿಕೇಟ್ ಎಂದೇ ಹೇಳಿ ಮಾರುತ್ತಿದ್ದ. ಅಲ್ಲಿಯೇ ಪಕ್ಕದ ಮೆಟ್ಟಿಲಿನ ಮೇಲೆ ಕುಳಿತುಬಿಟ್ಟೆ. ನನಗೆ ಸಿಟ್ಟು ಬಂತು, ನಾಚಿಕೆಯಾಯಿತು, ಕೊನೆಗೆ ನಿಮ್ಮ ಮೇಲೆ ಹೇಳಲಾರದಷ್ಟು ಕನಿಕರವಾಯಿತು. ಮೂರೂ ಒಟ್ಟಿಗೆ ಬಂದರೆ ಮನುಷ್ಯ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ.

ನೌಪಾಡಾದಲ್ಲಿ ಸ್ವಂತ ಹೋಟೆಲು, ಗಲ್ಲಾದಲ್ಲಿ ನೀವು, ಎಂದು ಹೇಳಿ ಹೋದಿರಿ. ಆ ಮಾತು ನನಗೆ ಮರೆತಿದೆ, ನೀವೂ ಮರೆಯಿರಿ. ಕೈ ಬೀಸಿಕೊಂಡು ಬಂದವರನ್ನು ನೋಡಿ ನಗುವವರು ನಗಲಿ. ನಮ್ಮ ಮನೆಯ ಬಾಗಿಲು ತೆರೆಯುವವರು ಇಬ್ಬರೇ, ಇಬ್ಬರೂ ನಗುವವರಲ್ಲ.

ಎಣ್ಣೆ ಹಚ್ಚಿಕೊಳ್ಳಿ. ಹೊತ್ತಿಗೆ ಉಣ್ಣಿ. ಊರ ದೇವರು ನಿಮ್ಮ ಕೈಕಾಲಿಗೆ ಬಲ ಕೊಡಲಿ, ಅದಕ್ಕಿಂತ ಮುಂಚೆ ಮನಸ್ಸಿಗೆ ಕೊಡಲಿ.

ನಿಮ್ಮ
ಪ್ರಫುಲ್ಲಾ

ಮರೆತಿದ್ದೆ: ಈ ಕಾಗದಕ್ಕೆ ಸ್ಟಾಂಪು ಹಚ್ಚಿಲ್ಲ. ನಮ್ಮ ಊರಿನ ಮಧ್ವರಾಜಣ್ಣ ತನ್ನ ಹೋಟೆಲಿಗೆ ತರಕಾರಿ ತರಲು ನಾಳೆ ಬೆಳಗ್ಗೆ ವಾಶಿ ಮಾರ್ಕೆಟಿಗೆ ಬರುತ್ತಾನೆ, ಅಲ್ಲೇ ನೀವು ಈಗ ಅಡುಗೆ ಮಾಡುವ ಕ್ಯಾಂಟೀನಿಗೆ ಬಂದು ಕೈಯಲ್ಲೇ ಕೊಡುತ್ತಾನೆ. ಅವನನ್ನು ಬೈಯಬೇಡಿ. ಜೂನ್‌ನಲ್ಲಿ ನಿಮ್ಮನ್ನು ಅಲ್ಲಿ ಕಂಡದ್ದನ್ನು, ಒಸಾಕಾದ ಹೋಟೆಲು ಮುಚ್ಚಿದ್ದನ್ನು ಯಾರಿಗೂ ಹೇಳಬೇಡವೆಂದು ನೀವು ಆಣೆ ಹಾಕಿಸಿದ್ದಿರಿ. ಅವನು ತಾನಾಗಿ ಹೇಳಲೂ ಇಲ್ಲ. ನಾನು ಸುತಳಿ ತೋರಿಸಿ ಕೇಳಿದಾಗ ತಲೆ ತಗ್ಗಿಸಿದ, ಕೊನೆಗೆ ಎಲ್ಲ ಹೇಳಿಬಿಟ್ಟ. ಮಗಳಿಗೆ ನಾನು ತಿಳಿಸಿಲ್ಲ, ಅದು ನಿಮಗೆ ಬಿಟ್ಟದ್ದು. ಭಾನುವಾರ ಅವಳು ಬರುವ ಮಾಲ್ ನಿಮ್ಮ ಒಲೆಯಿಂದ ಹೆಚ್ಚು ದೂರವಿಲ್ಲ. ಶನಿವಾರ ರಾತ್ರಿಯ ಅನ್ನಕ್ಕೆ ಮೂವರ ಅಕ್ಕಿ ಹಾಕುತ್ತೇನೆ. ಏನೂ ತರಬೇಡಿ. ಸ್ಟೇಶನ್ನಿನಲ್ಲಿ ಕೇಳಿ ಬಂದಿದ್ದೇನೆ, ವಾಶಿಯಿಂದ ಥಾಣೆಗೆ ಬಂದು ಗಾಡಿ ಬದಲಿಸಿದರೆ ಡೊಂಬಿವಲಿಗೆ ಇಪ್ಪತ್ತು ರೂಪಾಯಿಯೂ ಆಗುವುದಿಲ್ಲ. ಅಷ್ಟಕ್ಕೆ ಅವಳು ಆ ಹುಡುಗಿಯನ್ನು ಮಾರಬೇಕೇ?