ಬಲಗಡೆಯ ಪಿಟೀಲು

ಮಾರ್ಚ್ 3, ಸೋಮವಾರ
ಇವತ್ತು ಅಂಗಡಿಯಲ್ಲಿ ಹನ್ನೊಂದು ಕನ್ನಡಕ. ಕೊನೆಯದರ ಫ್ರೇಮು ಒಗ್ಗಲಿಲ್ಲ, ನಾಳೆಗೆ ಇಟ್ಟೆ. ಮನೆಗೆ ಬಂದು ರೆಕಾರ್ಡ್ ಹಾಕಿದೆ. ಎರಡನೇ ಮಗ್ಗುಲಿನ ಮೂರನೇ ಟ್ಯೂನ್ ಬರುವ ಹೊತ್ತಿಗೆ ಸರಿಯಾಗಿ ಅಪ್ಪನಿಗೆ ಬಾಲ್ಕನಿಯಲ್ಲಿ ಏನೋ ಕೆಲಸ ನೆನಪಾಯಿತು. ಪ್ರತಿ ಸಲವೂ ಇದೇ ಕಥೆ.

ಅದು ಮೂವತ್ತೆಂಟು ವರ್ಷದ ಹಿಂದೆ ಸ್ಟುಡಿಯೋ ಆರ್ಕೆಸ್ಟ್ರಾದಲ್ಲಿ ಅಪ್ಪ ನುಡಿಸಿದ್ದು. ಎಡತುದಿಯಲ್ಲಿ ಅಪ್ಪನ ಗೆಳೆಯ ಉದ್ದಣ್ಣ, ಬಲತುದಿಯಲ್ಲಿ ಅಪ್ಪ. ಇಬ್ಬರದೂ ಪಿಟೀಲು; ಸ್ಟೀರಿಯೋ ರೆಕಾರ್ಡ್ ಆದ್ದರಿಂದ ಉದ್ದಣ್ಣನದು ಎಡ ಸ್ಪೀಕರಿನಲ್ಲಿ, ಅಪ್ಪನದು ಬಲದಲ್ಲಿ ಕೇಳಬೇಕು. ಆ ಟ್ಯೂನಿನ ನಡುವೆ ಎಲ್ಲರೂ ಸುಮ್ಮನಾಗುವ ಒಂದು ಜಾಗ. ಅಲ್ಲಿ ಯಾರೋ ಒಬ್ಬರು ಮುಂಚೆಯೇ ಕಮಾನು ಹಚ್ಚಿಬಿಟ್ಟಿದ್ದಾರೆ. ಹಾಗೇ ರೆಕಾರ್ಡ್ ಆಯಿತು. ‘ನಾನೇ’ ಎಂದು ಅಪ್ಪ ಕೆಲಸ ಬಿಟ್ಟು ವಿಮೆ ಕಚೇರಿ ಸೇರಿದರು. ಪಿಟೀಲು ಬೀರುವಿನ ಮೇಲೆ ಹೋಯಿತು. ಆಮೇಲೆ ಮುಟ್ಟಿಲ್ಲ.

ನಮ್ಮ ಪ್ಲೇಯರಿನಲ್ಲಿ ಆ ಜಾಗ ಬರೀ ಕಲಸುಮೇಲೋಗರ. ಯಾರೆಂದು ಹೇಳುವುದಕ್ಕೇ ಆಗದು. ಅಪ್ಪನದಲ್ಲ ಎಂದು ಮಾತ್ರ ನನಗೆ ಚಿಕ್ಕಂದಿನಿಂದ ಹಟ.

ಮಾರ್ಚ್ 7
ರೇಡಿಯೋ ರಿಪೇರಿಯವರ ಅಂಗಡಿಗೆ ಹೋಗಿದ್ದೆ. "ರೆಕಾರ್ಡ್ ಮುಳ್ಳು ಕೊಡೋ ಸಿಗ್ನಲ್ ಇಷ್ಟೇ ಇಷ್ಟು ಮೇಡಂ. ಅದನ್ನ ಎತ್ತಿಕೊಡೋದೇ ಪ್ರೀ-ಆಂಪ್. ನಿಮ್ಮ ಪ್ಲೇಯರ್ ಒಳಗಿರೋದು ಹೆಸರಿಗೆ ಮಾತ್ರ. ಬೇರೆ ಡಬ್ಬ ಹಾಕ್ಕೊಳ್ಳಿ, ಆಮೇಲೆ ಮಾತಾಡಿ."

ಆ ಡಬ್ಬ ಕೊಂಡು ಮನೆಗೆ ತಂದೆ. ಟಿಫಿನ್ ಬಾಕ್ಸಿಗಿಂತ ಚಿಕ್ಕದು.

ಮಾರ್ಚ್ 8, ಸಂಜೆ 6
ಹಾಕಿದೆ. ಕಿವಿ ಕಿತ್ತುಹೋಗುವಷ್ಟು ಕರಕರ. ರಿಪೇರಿಯವರಿಗೆ ಫೋನ್. "ಪ್ಲೇಯರ್ ಹಿಂದೆ ಸ್ವಿಚ್ ಇದೆ ನೋಡಿ, ‘ಲೈನ್’ನಿಂದ ‘ಫೋನೋ’ಗೆ ತಳ್ಳಿ. ಈಗ ಒಳಗಿಂದೂ ಎತ್ತುತ್ತೆ, ಹೊರಗಿಂದೂ ಎತ್ತುತ್ತೆ, ಇನ್ನೇನಾಗುತ್ತೆ?" ತಳ್ಳಿದೆ. ಆಮೇಲೆ ಗುಂಯ್... ಅರ್ಥಿಂಗ್ ವೈರ್ ಸಿಕ್ಕಿಸುವುದನ್ನೇ ಮರೆತಿದ್ದೆ.

ಪೇಪರಿನ ಆಚೆಯಿಂದ ಅಪ್ಪ: "ಕಣ್ಣಿನೋರು ಕಿವಿಗೆ ಯಾಕಮ್ಮ ಕೈ ಹಾಕಿದ್ರು?"

7.30
ಎಂಥ ನಿಶ್ಶಬ್ದ! ಯಾರೋ ಕುರ್ಚಿ ಸರಿಸಿದ್ದು ಕೂಡ ಕೇಳುತ್ತದೆ. ಕಮಾನು ತಂತಿಗೆ ತಾಗುವುದು ಕೇಳುತ್ತದೆ. ಮೂರನೇ ಟ್ಯೂನ್. ಆ ಜಾಗ. ಮುಂಚೆ ಬಂದ ಪಿಟೀಲು — ಎಡಗಡೆ! ಮೂರು ಸಲ ಹಾಕಿದೆ. ಎಡವೇ.

ಅಪ್ಪನನ್ನು ಕೈ ಹಿಡಿದು ಎಳೆದು ತಂದು ಕೂರಿಸಿದೆ. ಮೊದಲ ಸಲ ಎದ್ದುಹೋಗದೆ ಕೇಳಿದರು. "ಉದ್ದಣ್ಣನ ಕಡೆಯಿಂದ ಬಂತು ಅಪ್ಪ. ನಿಮ್ಮದಲ್ಲ." ಕಣ್ಣು ಮುಚ್ಚಿಯೇ ಇದ್ದರು. "ಇನ್ನೊಂದ್ಸಲ ಹಾಕು" ಅಂದರು, ಅಷ್ಟೇ. ನನಗೇ ಅಳು ಬಂತು, ಖುಷಿಗೆ.

ಮಾರ್ಚ್ 12
ಪಿಟೀಲು ಕೆಳಗಿಳಿದಿದೆ. ಎಪ್ಪತ್ತನಾಲ್ಕು ವಯಸ್ಸಿಗೆ ಸ್ಟೂಲ್ ಹತ್ತಿದ್ದಾರೆ, ಒಬ್ಬರೇ! ಚೆನ್ನಾಗಿ ಬೈದೆ. ಹೊಸ ತಂತಿ ಬೇಕಂತೆ.

ಮಾರ್ಚ್ 15
ತಂತಿ ತಂದುಕೊಟ್ಟೆ. ಅಪ್ಪ ನುಡಿಸಿದ್ದು ಬೆಕ್ಕಿನ ಬಾಲ ತುಳಿದ ಹಾಗಿತ್ತು. "ಕೆಳಗಿನ ಮನೆಯೋರು ಪೊಲೀಸರನ್ನ ಕರೀತಾರೆ" ಎಂದು ಅಪ್ಪನೇ ನಕ್ಕರು. ಆದರೂ ನಿಲ್ಲಿಸಲಿಲ್ಲ.

ಮಾರ್ಚ್ 23, ಭಾನುವಾರ, ಮಧ್ಯಾಹ್ನ
ಧೂಳು ಒರೆಸಲು ಕಪಾಟು ಈಚೆಗೆ ಎಳೆದೆ. ಡಬ್ಬದಿಂದ ಆಂಪ್ಲಿಫೈಯರಿಗೆ ಹೋಗುವ ವೈರು... ಕೆಂಪು, ಬಿಳಿಯ ತೂತಿನಲ್ಲಿ. ಬಿಳಿ, ಕೆಂಪಿನದರಲ್ಲಿ. ಎಡ ಬಲ ಅದಲುಬದಲು.

ಹೇಗಾಯಿತೆಂದು ಗೊತ್ತು. ಇಪ್ಪತ್ತೆರಡು ವರ್ಷದಿಂದ ಎದುರು ಕೂತವರ ಬಲಗಣ್ಣು ನನಗೆ ಎಡಗಡೆ. ಕೈ ತಾನಾಗಿಯೇ ತಿರುಗಿಸಿಕೊಳ್ಳುತ್ತದೆ. ಅವತ್ತು ಮೇಲಿಂದ ಬಗ್ಗಿ, ನೋಡದೆ, ತಡವಿ ಸಿಕ್ಕಿಸಿದ್ದೆ. ಅಂಗಡಿಯಲ್ಲಿ ಒಂದು ಸಲವೂ ತಪ್ಪಿದವಳಲ್ಲ.

ಸರಿಮಾಡಿ, ಸಣ್ಣಗೆ ಹಾಕಿ ಕೇಳಿದೆ. ಬಲಗಡೆ. ಅಪ್ಪನೇ.

ಉದ್ದಣ್ಣ ಹೋಗಿ ಒಂಬತ್ತು ವರ್ಷ. ತಪ್ಪನ್ನು ಸತ್ತವರ ತಲೆಗೆ ಕಟ್ಟಿಬಿಟ್ಟೆ. ಒಳಗೆ ಅಪ್ಪ ಅಭ್ಯಾಸ ಮಾಡುತ್ತಿದ್ದಾರೆ. ಹೇಳಿದರೆ ಪಿಟೀಲು ಮತ್ತೆ ಬೀರುವಿನ ಮೇಲೆ. ವೈರು ಮೊದಲಿದ್ದ ಹಾಗೇ ತಪ್ಪಾಗಿ ಸಿಕ್ಕಿಸಿಟ್ಟೆ. ನಾಚಿಕೆಯಾಗುತ್ತಿದೆ.

ಮಾರ್ಚ್ 30, ಬೆಳಿಗ್ಗೆ
ಒಂದು ವಾರ ಅಪ್ಪನ ಮುಖ ನೋಡಿ ಮಾತಾಡಲಾಗಲಿಲ್ಲ. ಇವತ್ತು ಕಾಫಿ ಕೊಡುತ್ತಾ ಹೇಳಿಬಿಟ್ಟೆ. "ಅಪ್ಪ, ವೈರು ತಿರುಗುಮುರುಗು ಹಾಕಿದ್ದೆ. ಆ ಪಿಟೀಲು ಎಡದ್ದಲ್ಲ."

"ಗೊತ್ತು."

"ಯಾವಾಗಿಂದ?"

"ಅವತ್ತೇ. ನನ್ನ ಕಮಾನು ನನಗೆ ಗೊತ್ತಾಗಲ್ವೇನೇ? ಎಡಗಡೆಯಿಂದ ಬಂದ್ರೂ ನಾನೇ, ಅಟ್ಟದಿಂದ ಬಂದ್ರೂ ನಾನೇ."

"ಮತ್ತೆ ಪಿಟೀಲು ಯಾಕೆ ಇಳಿಸಿದ್ರಿ?"

ಲೋಟ ಕೆಳಗಿಟ್ಟರು. "ಇಷ್ಟು ವರ್ಷ ನಾನು ಅದನ್ನ ಕೇಳಿಸ್ಕೊಂಡೇ ಇರಲಿಲ್ಲ. ತಲೆಯೊಳಗೇ ಬೆಳೆಸ್ಕೊಂಡು ಹೋದೆ. ಇಡೀ ಟ್ಯೂನ್ ಹಾಳು ಮಾಡಿದೀನಿ ಅಂದ್ಕೊಂಡಿದ್ದೆ. ಅವತ್ತು ಕೇಳಿದ್ರೆ... ಕಣ್ಣು ಮಿಟುಕಿಸೋಷ್ಟೂ ಇಲ್ಲ ಕಣೆ ಅದು. ಅಷ್ಟಕ್ಕೆ ಮೂವತ್ತೆಂಟು ವರ್ಷ."

ಪಕ್ಕದಲ್ಲಿ ಕೂತೆ. ಕಾಫಿ ಆರಿತು.

ಸಂಜೆ 5
ವೈರು ಸರಿಮಾಡಿದೆ. ರೆಕಾರ್ಡ್ ತಿರುಗುತ್ತಿದೆ. ಅಪ್ಪ ಬಲಗಡೆಯ ಸ್ಪೀಕರಿನ ಪಕ್ಕ ಕುರ್ಚಿ ಹಾಕಿಕೊಂಡಿದ್ದಾರೆ, ಜೊತೆಗೇ ನುಡಿಸುತ್ತಾರಂತೆ. "ಬರೆದಿದ್ದು ಸಾಕು, ಇಲ್ಲಿ ಕೇಳು" ಅನ್ನುತ್ತಿದ್ದಾರೆ. ಮೂರನೇದು ಶುರುವಾಯಿತು. ಸ್ವರ ಪರವಾಗಿಲ್ಲ. ಆ ಜಾಗ ಬಂತು. ಎಲ್ಲರೂ ಸುಮ್ಮನಾದರು. ರೆಕಾರ್ಡಿನ ಪಿಟೀಲು ಮುಂಚೆ ಬಂದೇಬಿಟ್ಟಿತು. ಅಪ್ಪ ಮಾತ್ರ ಈ ಸಲ ಕಮಾನು ಎತ್ತಿ ಹಿಡಿದು ಕಾಯುತ್ತಿದ್ದಾರೆ, ಇನ್ನೂ ಕಾಯು—