ಎಮ್ಮಿಗೆ ಇನ್ನೂ ಗೊತ್ತಿಲ್ಲ

ಶೈಲಾನ ಅಪ್ಪಾರಿಗೆ,

ಸಂಸಾರ ಬ್ಯಾಡ, ಸ್ವತಂತ್ರ ಬೇಕಂತ ನೀವು ಕಾವಿ ಉಟಗೊಂಡು ಉಗರಗೋಳದ ಗುಡ್ಡ ಸೇರಿ ತಿಂಗಳಾತು. ದಿನಾ ಮುಂಜಾನೆ ಗುಡ್ಡದ ಬಸ್ಸಿನ್ಯಾಗ ನಿಮ್ಮ ಬುತ್ತಿ ಕಳಿಸೇನಿ. ಇವತ್ತು ಕಳಿಸಿಲ್ಲ. ಹಸದು ಸಂಜೀಕ ಬಂದೇ ಬರತೀರಿ ಅಂತ ಈ ಚೀಟಿ.

ನಾನೂ ಶೈಲಾನ್ನ ಕರಕೊಂಡು, ಎಂಟು ದಿನ ಸ್ವತಂತ್ರ ಹುಡುಕಾಕ ಮನೋಳಿಗೆ ಅಕ್ಕನ ಮನಿಗೆ ಹೊಂಟೇನಿ. ರೊಟ್ಟಿ ಬುಟ್ಟ್ಯಾಗ ಅದಾವು. ಚಟ್ನಿ ನೀವ ಕುಟಗೋರಿ.

ಎಮ್ಮಿ ಹಿಂಡೂದು ಮರೀಬ್ಯಾಡ್ರಿ. ನೀವು ಸಂಸಾರ ಬಿಟ್ಟದ್ದು ಅದಕ್ಕಿನ್ನೂ ಗೊತ್ತಿಲ್ಲ. ಅದು ನನ್ನ ಕೈಗಷ್ಟ ಹಾಲು ಕೊಡತೈತಿ. ಗೂಟಕ್ಕ ನನ್ನ ಹಸರ ಸೀರಿ ಹಾಕೇನಿ, ಉಟಗೊಂಡು ತಲಿಮ್ಯಾಲೆ ಸೆರಗ ಹೊತಗೊಂಡು ಹಿಂಡಾಕ ಕುಂಡ್ರಿ. ಕಾವಿ ಮಾತ್ರ ಕಳದಿಟ್ಟು ಹೋಗ್ರಿ. ನಾ ಒದೀಲಿಲ್ಲಂತ ಅದೂ ಸುಮ್ಮನ ಇರೂದಿಲ್ಲ.

ನೀವು ಬಿಟ್ಟ ಸಂಸಾರ,
ಸುಂದರವ್ವ