ಕಡೆಯ ನುಡಿಯ ಹೆಸರು

ಮಂಗಸೂಳಿ
೧೪ ಜುಲೈ ೨೦೨೫

ಗೆಳೆಯ ಮುರಗೆಪ್ಪನಿಗೆ ಹುಸೇನಮಿಯಾನ ಸಲಾಮು, ನಮಸ್ಕಾರ ಎರಡೂ.

ನಿನ್ನ ಕಾಗದ ಬಂದು ತಿಂಗಳಾಯಿತು. ತಡವಾಯಿತೆಂದು ಸಿಟ್ಟಾಗಬೇಡ. ಸಿಟ್ಟು ನನ್ನಲ್ಲೇ ಬೇಕಾದಷ್ಟಿತ್ತು. ತಣಿಯಲಿ ಎಂದು ಕಾದೆ, ತಣಿಯಲಿಲ್ಲ. ಮನೆಯಲ್ಲಿ ಗೌರಾಬಾಯಿಯ ಮೊಣಕಾಲು ಹೇಗಿದೆ? ಇಲ್ಲಿ ಮಳೆ ಚಲೋ ಆಗಿದೆ, ಕಬ್ಬು ಎದ್ದು ನಿಂತಿದೆ.

ನಿನ್ನ ಮಗ ಮಲ್ಲೇಶನ ಸುದ್ದಿ ಬೇರೆಯವರ ಬಾಯಿಂದ ನಿನಗೆ ಬರುವುದು ಬೇಡವೆಂದು ಬರೆಯುತ್ತಿದ್ದೇನೆ. ನನ್ನಾಕೆ ಸಕೀನಾಬಿ ರೊಟ್ಟಿ ಬಡಿಯುತ್ತ ಕಟ್ಟಿದ ನೀರಿನ ಪದ ಗೊತ್ತಲ್ಲ, ಮೊಹರಮ್ಮಿನಲ್ಲಿ ನೀನೂ ನಾನೂ ಹಾಡುತ್ತಿದ್ದದ್ದು. ಮಲ್ಲೇಶ ಅದನ್ನು ನಮ್ಮ ಪಡಸಾಲೆಯಲ್ಲಿ ಕುಳಿತು ಅವಳಿಂದಲೇ ಕಲಿತ. ಈಗ ಮೊಬೈಲಿನಲ್ಲಿ ಹಾಡಿ ಬಿಟ್ಟಿದ್ದಾನೆ. ನಿಪ್ಪಾಣಿಯಿಂದ ಕಾಗವಾಡದವರೆಗೆ ಎಲ್ಲರೂ ಕೇಳುತ್ತಿದ್ದಾರೆ. ಆದರೆ ಕಡೆಯ ನುಡಿಯಲ್ಲಿ ‘ಮಂಗಸೂಳಿ ಸಕೀನಾ ಹೇಳ್ಯಾಳ’ ಎಂಬುದನ್ನು ತೆಗೆದು ‘ಬೇಡಕಿಹಾಳ ಮಲ್ಲೇಶ ಹೇಳ್ಯಾನ’ ಎಂದು ಹಾಕಿಕೊಂಡಿದ್ದಾನೆ.

ನಮ್ಮೂರ ಶಾಲೆಯ ಮಹಾವೀರ ಮಾಸ್ತರು ಕೇಳಿ, “ಇದು ಕೃತಿಚೌರ್ಯ” ಎಂದರು.

“ಹಂಗಂದ್ರ ಏನ್ರಿ?”

“ಇನ್ನೊಬ್ಬರು ಕಟ್ಟಿದ್ದನ್ನ ನಂದ ಅಂತ ಹೇಳ್ಕೊಳ್ಳೂದು.”

“ಹಂಗಾದ್ರ ನಾವೆಲ್ಲಾ ಕಳ್ಳರ ಬಿಡ್ರಿ. ಅಥಣಿಯವರ ಪದಾ ನಾ ಹಾಡೇನಿ, ನಂದು ಚಿಕ್ಕೋಡಿಯವರು ಹಾಡ್ಯಾರ.”

“ಹಾಡೂದು ಕಳವಲ್ರಿ ಚಾಚಾ. ಕಟ್ಟಿದವರ ಹೆಸರ ಹೇಳೇ ಹಾಡತೀರಲ್ಲ? ಆ ಹೆಸರ ತಗದು ತನ್ನ ಹೆಸರ ಹಾಕಿದ್ರ, ಅದು ಕಳವು.”

ನಿಜ. ನಮ್ಮ ಮೇಳದಲ್ಲಿ ನಡುವಿನ ನುಡಿ ಮರೆತವನನ್ನು ನಕ್ಕು ಬಿಡುತ್ತಿದ್ದೆವು; ಕಟ್ಟಿದವರ ಊರು, ಹೆಸರು ನುಂಗಿದವನಿಗೆ ಮತ್ತೆ ದಪ್ಪು ಬಾರಿಸಗೊಡುತ್ತಿರಲಿಲ್ಲ.

ಮಲ್ಲೇಶನಿಗೆ ಫೋನ್ ಮಾಡಿದೆ. “ಕಾಕಾ, ಕಾಕು ಹೋಗಿ ನಾಕ ವರ್ಷ ಆತು. ಹೆಸರ ತಗೊಂಡು ಆಕಿ ಏನ ಮಾಡತಾಳ?” ಎಂದು ನಕ್ಕ. ಅವಳ ಕೈಯ ರೊಟ್ಟಿ ತಿಂದ ಬಾಯಿ ಅದು, ಮುರಗೆಪ್ಪ.

ಫಿರ್ಯಾದಿ ಕೊಡಿ ಎನ್ನುತ್ತಾರೆ ಮಾಸ್ತರು. ಕೊಡುವುದಿಲ್ಲ, ಅವನು ನಿನ್ನ ಮಗ. ಅವಳ ಹೆಸರು ಸೇರಿಸಿ ಇನ್ನೊಮ್ಮೆ ಹಾಡು ಎಂದು ನೀನೇ ಅವನಿಗೆ ಹೇಳು. ಅಲ್ಲಿಯವರೆಗೆ ನಿನ್ನ ಜೊತೆ ಹಾಡಲು ನನ್ನನ್ನು ಕರೆಯಬೇಡ.

ದೇವರು ನಿನ್ನ ಮನೆಯನ್ನು ತಂಪಾಗಿಡಲಿ. ಮಲ್ಲೇಶನನ್ನೂ.

ನಿನ್ನ
ಹುಸೇನಮಿಯಾ

ತಾ.ಕ.: ಹೇಳಬಾರದೆಂದಿದ್ದೆ. ಅಜ್ಜಿಯನ್ನು ನೋಡಿದ ನೆನಪೂ ಇಲ್ಲದ ಮೊಮ್ಮಗಳು ಅರ್ಶಿಯಾಳ ಮುಂದೆ ನಿನ್ನೆ ಆ ಪದ ಹಾಡಿದೆ. ಕಡೆಯ ನುಡಿಗೆ ಬಂದಾಗ ಮಗು ನನ್ನ ಬಾಯಿಗೆ ಕೈ ಅಡ್ಡ ಇಟ್ಟಿತು. “ಅಜ್ಜಾ, ತಪ್ಪ ಹಾಡಾಕತ್ತೀ. ಅಲ್ಲಿ ಮಲ್ಲೇಶ ಅಂತ ಐತಿ. ಸಕೀನಾ ಯಾರ?”